ಒಂದು ಚಂಬು ನೀರಿಗೆ

"ಫೋನ್ ಕೊಡು ಮೈಲಾರೇಶ. ನಾನೇನು ಅಳಿಸಿ ಹಾಕಾಂಗಿಲ್ಲ. ನೋಡಿ ನಿನ್ನ ಕೈಯಾಗ ಕೊಡ್ತೀನಿ."

ತಿಪ್ಪೇರುದ್ರಮ್ಮ ಕೈ ಚಾಚಿದಳು. ಮೈಲಾರೇಶ ಫೋನು ತೆಗೆಯಲಿಲ್ಲ. ಅಂಗಿಯ ಜೇಬಿನ ಮೇಲೆ ಅಂಗೈ ಒತ್ತಿಕೊಂಡು, ಅವಳ ಹಿಂದೆ ನಿಂತಿದ್ದ ಶಿವಲೀಲಾಳ ಕಡೆ ನೋಡಿದ.

"ನಿಮಗ ಕೊಡ್ತೀನ್ರಿ ಅಕ್ಕಾ. ಆಕಿ ಕೈಗೆ ಮಾತ್ರ ಕೊಡಬ್ಯಾಡ್ರಿ. ನಾನು ಸುಳ್ಳ ಅಂತ ಸ್ಟೇಷನ್ನಿನಾಗ ಹೇಳಿದಾಕಿ ಆಕಿ."

ಹಲವಾಗಲಿನ ಹೊಳೆದಂಡೆಯ ಕೊಯ್ದ ಗದ್ದೆಯಲ್ಲಿ ಕುರಿ ತರುಬಿ ಕೂಡಿಹಾಕುವ ಬಲೆ ಇನ್ನೂ ಹಾಗೇ ನಿಂತಿತ್ತು. ಒಳಗೆ ದೊಡ್ಡ ಕುರಿ ಒಂದೂ ಇರಲಿಲ್ಲ. ಮೈ ತೊಳೆಯದೆ ಬಿಟ್ಟಿದ್ದ ಎಳೆ ಮರಿಗಳಷ್ಟೇ ಉಳಿದಿದ್ದವು. ಯಾರ ಕಾಲು ಕಂಡರೂ ತಾಯಿಯೆಂದುಕೊಂಡು ಓಡಿಬಂದು ಮೂಗು ತೂರಿಸುತ್ತಿದ್ದವು. ಒಂದು ಮರಿ ಶಿವಲೀಲಾಳ ಸೀರೆಯ ನಿರಿಗೆ ಹಿಡಿದು ಚೀಪತೊಡಗಿತು. ಅವಳು ಬಿಡಿಸಿಕೊಳ್ಳಲೂ ಇಲ್ಲ, ಬಗ್ಗಿ ತಟ್ಟಲೂ ಇಲ್ಲ.

ಶಿವಲೀಲಾಳ 'ಕುರಿಹಟ್ಟಿ' ವೆಬ್‌ಸೈಟಿನಿಂದ ಇಳಿಸಿಕೊಂಡ ಪಿಡಿಎಫ್ ನೋಡಿ ಉಣ್ಣಿ ಔಷಧಿ ಕಲಸಿ ಮೈಲಾರೇಶ ಕುರಿಗಳ ಮೈ ತೊಳೆದಿದ್ದ. ಸಂಜೆಯೊಳಗೆ ಇಡೀ ಹಿಂಡು ಸತ್ತಿತ್ತು. ಸೈಟಿನಲ್ಲೇ ತಪ್ಪಿತ್ತು ಎಂದು ಅವನು, ಪಿಡಿಎಫ್ ಅವನೇ ತಿದ್ದಿದ್ದು ಎಂದು ಇವಳು.

ರುದ್ರಮ್ಮ ಪೊಲೀಸ್ ಇಲಾಖೆಯ ಸೈಬರ್ ವಿಭಾಗದಿಂದ ನಿವೃತ್ತಳಾಗಿ ಕೊಟ್ಟೂರಿನಲ್ಲಿ ನೆಲೆಸಿದ್ದವಳು. ಈ ಪತ್ತೆಗೆ ಅವಳನ್ನು ಗೊತ್ತುಮಾಡಿದ್ದು ಶಿವಲೀಲಾಳ ಗಂಡ ಓಬಳೇಶ್. ಕೂಡ್ಲಿಗಿಯಲ್ಲಿ ದನ-ಕುರಿ ಔಷಧಿಯ ಅಂಗಡಿ ಇಟ್ಟವನು. "ನನ್ನ ಹೆಂಡತಿ ಹೆಸರು, ನಮ್ಮ ಮಾವನ ಹೆಸರು ಮಣ್ಣುಪಾಲಾಗೈತ್ರಿ. ಆ ಮೈಲಾರೇಶನ ಬಾಯಿಂದ ಸತ್ಯ ಹೊರಡಸ್ರಿ" ಎಂದು ಕೈಮುಗಿದಿದ್ದ.

ಮೈಲಾರೇಶ ಕೊನೆಗೂ ಫೋನು ಕೊಟ್ಟ.

ಪಿಡಿಎಫ್‌ನ ನೆತ್ತಿಯ ಮೇಲೆ ಶಿವಲೀಲಾಳ ತಂದೆ ಪಾಲಾಕ್ಷಪ್ಪನ ಚಿತ್ರ. ಕೆಂಪು ರುಮಾಲು, ಹೆಗಲ ಮೇಲೆ ಕಂಬಳಿ, ಕ್ಯಾಮೆರಾಕ್ಕೆ ಹೆದರಿದಂತಹ ನಗು. ಕೂಡ್ಲಿಗಿ ಸುತ್ತಿನಲ್ಲಿ ಕುರಿಗೆ ಏನಾದರೂ ಆದರೆ ಮೊದಲು ನೆನಪಾಗುತ್ತಿದ್ದ ಮುಖ ಅದು. ಚಿತ್ರದ ಕೆಳಗೆ ಉಣ್ಣಿಗೆ ಮದ್ದು ಕಲಸುವ ವಿವರ. ರುದ್ರಮ್ಮ ಒಂದು ಸಾಲಿಗೆ ಬಂದು ನಿಂತಳು.

'ಒಂದು ಮುಚ್ಚಳ ಔಷಧಿಯನ್ನು ಒಂದು ಚಂಬು ನೀರಿಗೆ ಹಾಕಿ ಕಲಸಬೇಕು.'

"ಸೈಟಿನಾಗ ಕೊಡ ಅಂತ ಐತ್ರಿ ಅಕ್ಕಾ" ಶಿವಲೀಲಾ ತನ್ನ ಫೋನು ಮುಂದೆ ಹಿಡಿದಳು. "ಪುಟದಾಗೂ ಕೊಡ, ಪಿಡಿಎಫ್‌ನಾಗೂ ಕೊಡ. ಪೊಲೀಸರು ತಾವ ತಗದು ನೋಡ್ಯಾರ. ಒಂದು ಕೊಡ ನೀರಿಗೆ ಹಾಕೋದನ್ನ ಒಂದು ಚಂಬಿಗೆ ಹಾಕಿದ್ರ ಅದು ಮದ್ದಲ್ಲ, ವಿಷ. ಅಂಥಾದ್ದನ್ನ ನಾನು ಬರಿತೀನಾ?"

ರುದ್ರಮ್ಮ ಮೈಲಾರೇಶನ ಕಡೆ ತಿರುಗಿದಳು.

"ಕಲಸುವಾಗ ಗಟ್ಟಿ ಆತು ಅಂತ ನಿನಗ ಅನ್ನಿಸಲಿಲ್ಲೇನು?"

"ಅನ್ನಿಸ್ತ್ರಿ. ವಾಸನಿ ಕಣ್ಣಿಗೆ ಬಡೀತು." ಅವನು ಫೋನಿನ ಕಡೆ ಬೆರಳು ತೋರಿಸಿದ. "ಆದ್ರ ಮ್ಯಾಲ ಪಾಲಾಕ್ಷಪ್ಪಜ್ಜನ ಫೋಟೋ ಐತಲ್ರಿ. ನಮ್ಮಪ್ಪನ ಕಾಲದಿಂದ ಆತ ಹೇಳಿದ್ದು ಒಂದೂ ತಪ್ಪಿಲ್ಲ. ಆತನ ಮಾರಿ ನೋಡಿ ಕಲಸಿದೆ."

"ಔಷಧಿ ಎಲ್ಲಿ ತಂದಿದ್ದಿ?"

"ಹರಪನಹಳ್ಳ್ಯಾಗ. ಯಾವಾಗಲೂ ಕೂಡ್ಲಿಗ್ಯಾಗ ತರ್ತಿದ್ವಿ, ಇಕಿ ಗಂಡನ ಅಂಗಡ್ಯಾಗ. ಈ ಸಲ ಹಿಂಡು ಈ ಕಡಿ ಬಂದಿತ್ತು. ಅಲ್ಲೀತನ ಯಾರು ಹೋಗಬೇಕು ಅಂತ ಇಲ್ಲೇ ತಂದೆ."

"ಈ ಪಿಡಿಎಫ್ ನಿನಗ ಯಾರು ಕೊಟ್ರು?"

"ಯಾರೂ ಕೊಟ್ಟಿಲ್ರಿ. ಫೋನಿಗೆ ಬಾಯಿಲೆ ಕೇಳಿದೆ. 'ಕುರಿ ಉಣ್ಣಿ ಔಷಧಿ' ಅಂದೆ. ಎಲ್ಲಾದಕಿಂತ ಮ್ಯಾಲ ಇದಾ ಬಂತು. ಒತ್ತಿದೆ, ಇಳಕೊಂತು."

"ಸೈಟಿನ ಪುಟ ನೋಡಲಿಲ್ಲಾ?"

"ಯಾವ ಪುಟರಿ?"

ಶಿವಲೀಲಾ ಮುಖ ಬೇರೆ ಕಡೆ ಹೊರಳಿಸಿದಳು. "ಆತ ಅದನ್ನ ನೋಡಿರಾಂಗಿಲ್ರಿ. ಪುಟಕ್ಕಿಂತ ಪಿಡಿಎಫ್ ಮ್ಯಾಲ ಬರ್ತತಿ. ಅರ್ಚನಾ ಮಾಡಿಸಿದ್ದು."

ಅರ್ಚನಾ ಅವಳ ಕಾಲೇಜಿನ ಗೆಳತಿ. ಹರಪನಹಳ್ಳಿಯ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಅಪ್ಪನ ತಿಳಿವಳಿಕೆಯನ್ನೆಲ್ಲ ಬರೆದು ಶಿವಲೀಲಾ ಸೈಟು ಶುರುಮಾಡಿದಾಗ ಅದರ ಕಡೆ ಯಾರೂ ಹಣಕಿ ಹಾಕಿರಲಿಲ್ಲ. ಪ್ರತಿ ಪುಟವನ್ನೂ ಪಿಡಿಎಫ್ ಮಾಡಿ ಇಳಿಸಿಕೊಳ್ಳಲು ಬಿಡೋಣ ಎಂದವಳು ಅರ್ಚನಾ. ಗೂಗಲ್‌ನಲ್ಲಿ ಪುಟ ಬೇರೆ, ಫೈಲು ಬೇರೆಯಾಗಿ ಸಿಗುತ್ತವೆ; ಒಂದಲ್ಲ ಒಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಸಿಗ್ನಲ್ ಇಲ್ಲದ ಅಡವಿಯಲ್ಲೂ ಕುರಿಗಾರ ತೆರೆದು ನೋಡಬಹುದು. ಅವರಿವರು ವಾಟ್ಸಾಪಿನಲ್ಲಿ ಹಂಚುತ್ತಾರೆ, ರೈತರ ಸೈಟಿನವರು ಲಿಂಕ್ ಹಾಕಿಕೊಳ್ಳುತ್ತಾರೆ, ಸೈಟು ತಾನಾಗಿ ಮೇಲೆ ಬರುತ್ತದೆ.

ಬಂದಿತ್ತು. ಕುರಿಯ ಯಾವ ಕಾಯಿಲೆ ಹುಡುಕಿದರೂ ಮೊದಲು ಪಾಲಾಕ್ಷಪ್ಪನ ಪಿಡಿಎಫ್ ಬರುವಷ್ಟು ಮೇಲೆ ಬಂದಿತ್ತು.

"ಆವತ್ತು ಹೆಂಗ ಕೇಳಿದ್ಯೋ ಹಂಗ ಇನ್ನೊಮ್ಮಿ ಕೇಳು" ರುದ್ರಮ್ಮ ಮೈಲಾರೇಶನ ಕೈಗೆ ಫೋನು ಕೊಟ್ಟಳು.

ಅವನು ಫೋನನ್ನು ಬಾಯಿಯ ಹತ್ತಿರ ಹಿಡಿದು ಜೋರಾಗಿ ಹೇಳಿದ. ಮರಿಗಳು ಅವನ ದನಿಗೆ ಕಿವಿ ನಿಮಿರಿಸಿದವು.

ಪರದೆಯ ಮೇಲೆ ಸಾಲುಗಳು ಮೂಡಿದವು. ಎಲ್ಲಕ್ಕಿಂತ ಮೇಲೆ 'ಕುರಿಹಟ್ಟಿ' ಪಿಡಿಎಫ್. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಫೈಲಿನೊಳಗಿನ ಎರಡು ಸಾಲು. ರುದ್ರಮ್ಮ ಕನ್ನಡಕ ಏರಿಸಿಕೊಂಡು ಓದಿದಳು. ಮತ್ತೆ ಓದಿದಳು. ಆಮೇಲೆ ಅದನ್ನು ಶಿವಲೀಲಾಳ ಕಣ್ಣಿನ ಮುಂದೆ ಹಿಡಿದಳು.

'...ಔಷಧಿಯನ್ನು ಒಂದು ಚಂಬು ನೀರಿಗೆ ಹಾಕಿ...'

ಶಿವಲೀಲಾ ಫೋನು ಕಸಿದುಕೊಂಡಳು. ಒತ್ತಿದಳು. ಫೈಲು ತೆರೆಯಿತು. ಒಳಗೆ ಕೊಡ ಎಂದೇ ಇತ್ತು. ಹಿಂದಕ್ಕೆ ಬಂದಳು. ಹೊರಗೆ ಚಂಬು.

"ಒಳಗೊಂದು, ಹೊರಗೊಂದು. ಹೆಂಗವ್ವ ಇದು?" ರುದ್ರಮ್ಮನಿಗೆ ಉತ್ತರ ಗೊತ್ತಿತ್ತು. ಅವಳ ಬಾಯಿಂದಲೇ ಬರಲಿ ಎಂದು ಕೇಳಿದ್ದಳು.

"ಗೂಗಲ್ ಒಮ್ಮಿ ಬಂದು ಓದಿ ಇಟ್ಕೊಂಡಿರ್ತತ್ರಿ." ಶಿವಲೀಲಾ ಆ ಎರಡು ಸಾಲಿನ ಮೇಲೆ ಬೆರಳಿಟ್ಟಳು. "ನಾವು ಫೈಲ್ ಬದಲಿ ಮಾಡಿದ್ರೂ, ಅದು ಮತ್ತ ಬಂದು ಓದೋತನ ಹಳೇದನ್ನ ತೋರಸ್ತತಿ. ಪಿಡಿಎಫ್ ಅಂದ್ರ ಇನ್ನೂ ತಡ."

"ಅಂದ್ರ?"

"ಅಂದ್ರ... ಸೈಟಿನ ಫೈಲಿನಾಗ ಚಂಬು ಅಂತಾನ ಇತ್ತು. ಆಮ್ಯಾಲ ಯಾರೋ ಕೊಡ ಅಂತ ಮಾಡ್ಯಾರ."

ಅವಳು ಮೈಲಾರೇಶನ ಕಡೆ ತಿರುಗಿದಳು. ಸ್ಟೇಷನ್ನಿನಲ್ಲಿ ಹತ್ತು ಜನರ ಎದುರು, ಕುರಿ ಸತ್ತ ದುಃಖಕ್ಕಿಂತ ಕೇಸಿನ ಪರಿಹಾರದ ಹಣದ ಆಸೆಯೇ ಇವನಿಗೆ ದೊಡ್ಡದು ಎಂದು ತಾನು ಅಂದ ಮಾತು ಅವಳಿಗೆ ನೆನಪಾಯಿತು.

"ಅಣ್ಣಾ, ನನ್ನ..."

"ಮಾಪಿ ಬ್ಯಾಡ ತಂಗಿ." ಅವನು ಕೈ ಅಡ್ಡ ಹಿಡಿದ. ಅವನ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಆ ಫೈಲು ಇನ್ನ ಯಾರ ಯಾರ ಫೋನಿನಾಗ ಐತಿ, ಅದನ್ನ ಹೇಳು ನನಗ. ಉಜ್ಜಿನಿ ಕಡಿ ನಮ್ಮ ಮಂದಿ ಅದಾರ. ಹಂಪಸಾಗರದ ಕಡಿ ಇಳಿದೋರು ಅದಾರ. ಅವರ ಫೋನಿನಾಗ ಕೊಡ ಐತೋ ಚಂಬು ಐತೋ?"

ಇಳಿದು ಹೋದ ಫೈಲನ್ನು ಯಾರೂ ಹಿಂದಕ್ಕೆ ಕರೆಯಲಾರರು. ಅದು ಶಿವಲೀಲಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಲ್ಲೇ ಬದುವಿನ ಮೇಲೆ ಕೂತು, ತನಗೆ ಗೊತ್ತಿದ್ದ ಕುರಿಗಾರರ ಗುಂಪುಗಳಿಗೆಲ್ಲ ಎಚ್ಚರಿಕೆಯ ಮಾತು ಕಳಿಸಿದಳು. ಸೈಟಿನ ಪುಟದ ಮೇಲೂ ಹಾಕಿದಳು. ಪಿಡಿಎಫ್‌ನಲ್ಲಿ ಹಾಕಲು ಮಾತ್ರ ಅವಳಿಂದ ಆಗಲಿಲ್ಲ. ಪಿಡಿಎಫ್‌ಗಳ ಕೆಲಸವೆಲ್ಲ ಅರ್ಚನಾಳ ಕೈಯಲ್ಲಿತ್ತು.

ರುದ್ರಮ್ಮನ ಹಳೆಯ ಕಾರು ಅರ್ಚನಾ ಇದ್ದ ಹರಪನಹಳ್ಳಿಯ ದಾರಿ ಹಿಡಿಯಿತು.

"ಪಿಡಿಎಫ್ ಬದಲಿ ಮಾಡಾಕ ಯಾರಿಗೆ ಬರ್ತತಿ?" ರುದ್ರಮ್ಮ ರಸ್ತೆಯ ಮೇಲೆ ಕಣ್ಣಿಟ್ಟೇ ಕೇಳಿದಳು.

"ಪಾಸ್‌ವರ್ಡ್ ನನಗ, ಅರ್ಚನಾಗ ಇಬ್ಬರಿಗೇ ಗೊತ್ತು. ಪಿಡಿಎಫ್ ಮಾಡೋದು ಆಕಿ ಕೆಲಸ."

"ನೀನು ಬರಿಯೋದು ಹೆಂಗ?"

"ಅಪ್ಪ ಹೆಂಗ ಹೇಳ್ತಾನ ಹಂಗ. ಕುರಿಗಾರರು ಓದೋದಲ್ರಿ, ನಮ್ಮ ಮಾತು ಇದ್ರನ ಅವರಿಗೆ ತಿಳೀತತಿ."

"ನಿಮ್ಮ ಹಟ್ಟ್ಯಾಗ ಚಂಬಿಗೆ ಏನಂತೀರಿ?"

"ತಂಬಿಗಿ." ಹೇಳಿದ ಮೇಲೆ ಅವಳಿಗೆ ಅರ್ಥವಾಯಿತು. ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಾನು ಚಂಬು ಅಂತ ಎಂದೂ ಬರದಿಲ್ರಿ ಅಕ್ಕಾ. ನಮ್ಮಪ್ಪನ ಬಾಯಾಗಂತೂ ಆ ಮಾತಾ ಇಲ್ಲ."

ಅಷ್ಟರಲ್ಲಿ ಶಿವಲೀಲಾಳ ಫೋನು ರಿಂಗಾಯಿತು. ಓಬಳೇಶ್.

"ಏನಂದ ಆತ? ಒಪ್ಪಿಕೊಂಡನಾ?"

ರುದ್ರಮ್ಮ ಬೆರಳು ತುಟಿಯ ಮೇಲಿಟ್ಟಳು. ಯಾವ ಪತ್ತೆಯಲ್ಲೂ ಅರ್ಧ ಸುದ್ದಿ ಹೊರಗೆ ಹೋಗುವುದು ಅವಳಿಗೆ ಸೇರದು.

"ಇಲ್ಲ, ಇನ್ನೂ ಮಾತಾಡಾಕತ್ತೀವಿ" ಎಂದಳು ಶಿವಲೀಲಾ.

"ಬಿಡಬ್ಯಾಡ ಆತನ್ನ. ಆತ ಒಬ್ಬನ ಒಪ್ಪಿದ್ರ ಸಾಕು, ಎಲ್ಲಾ ಮುಗೀತತಿ." ಫೋನು ಇಟ್ಟ.

ಅರ್ಚನಾಳ ಮನೆ ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಪಡಸಾಲೆಯನ್ನೇ ಆಫೀಸು ಮಾಡಿಕೊಂಡಿದ್ದಳು. ಎರಡು ಕಂಪ್ಯೂಟರ್, ಗೋಡೆಗೆ ಊರಿನ ಬಟ್ಟೆ ಅಂಗಡಿ, ಕಲ್ಯಾಣಮಂಟಪಗಳಿಗೆ ಅವಳು ಮಾಡಿಕೊಟ್ಟ ಸೈಟುಗಳ ಚಿತ್ರ. ನಡುವೆ ಇಬ್ಬರು ಹುಡುಗಿಯರ ಹಳೆಯ ಫೋಟೋ, ಒಬ್ಬರ ಹೆಗಲ ಮೇಲೆ ಒಬ್ಬರ ಕೈ.

"ಬಾರೇ ಲೀಲಾ! ಬರ್ರಿ ಅಕ್ಕಾರೆ, ಕೂತ್ಕಳ್ರಿ. ಬಿಸಿಲಾಗೆ ಬಂದೀರಿ." ಅರ್ಚನಾ ಎದ್ದು ನಿಂತವಳು ಒಳಗೆ ಮುಖಮಾಡಿ ಕೂಗಿದಳು. "ಅಮ್ಮಾ, ಒಂದು ಚಂಬು ನೀರು ತಗಂಬಾ."

ಶಿವಲೀಲಾ ಕೂರಲಿಲ್ಲ.

ಅರ್ಚನಾಳ ತಾಯಿ ನೀರು ತಂದಿಟ್ಟು ಒಳಗೆ ಹೋಗುವವರೆಗೆ ರುದ್ರಮ್ಮ ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಉಣ್ಣಿ ಔಷಧಿದು ಪಿಡಿಎಫ್ ಯಾಕ ಬದಲಿ ಮಾಡಿದಿ ಅರ್ಚನಾ?"

"ಯಾವ ಬದಲಿರಿ? ಅದ್ರಾಗೆ ಕೊಡ ಅಂತ್ಲೇ ಐತೆ. ಪೊಲೀಸ್ರು ನೋಡ್ಯಾರಲ್ಲ."

"ಈಗ ಐತಿ. ನೀನು ಎರಡು ಸಲ ಬದಲಿ ಮಾಡಿದಿ. ಮೊದಲು ಕೊಡ ತಗದು ಚಂಬು ಹಾಕಿದಿ. ಕುರಿ ಸತ್ತ ಸುದ್ದಿ ಬಂದ ಮ್ಯಾಲ ಚಂಬು ತಗದು ಕೊಡ ಹಾಕಿದಿ."

"ಸೈಟಿಗೆ ಯಾರಾದ್ರೂ ನುಗ್ಗಿರ್ಬೋದು. ಎಲ್ಲಾ ಕಡೆ ಆಗ್ತಾ ಇರ್ತೈತೆ."

"ನುಗ್ಗಿದೋರು ಒಂದಾ ಒಂದು ಶಬ್ದ ಬದಲಿ ಮಾಡಿ ಹೋಗ್ತಾರೇನು? ಮತ್ತ ಬಂದು ಮೊದಲಿನಂಗ ಸರಿಮಾಡಿ ಹೋಗ್ತಾರೇನು?" ರುದ್ರಮ್ಮ ತನ್ನ ಫೋನಿನಲ್ಲಿ ಗೂಗಲ್ ತೆರೆದು ಮೇಜಿನ ಮೇಲಿಟ್ಟಳು. "ಫೈಲು ಬದಲಿ ಮಾಡಿದಿ. ಇದನ್ನ ಬದಲಿ ಮಾಡಾಕ ನಿನ್ನ ಕೈಲೂ ಆಗಲಿಲ್ಲ."

ಅರ್ಚನಾ ಪರದೆಯನ್ನು ನೋಡಿದಳು. ಆ ಎರಡು ಸಾಲು ಅವಳಿಗೆ ಹೊಸದಾಗಿರಲಿಲ್ಲ. ಅದು ರುದ್ರಮ್ಮನಿಗೆ ಅವಳ ಕಣ್ಣಿನಲ್ಲೇ ಕಂಡಿತು.

"ಗೂಗಲ್‌ಗೆ ಹೇಳಿ ತೆಗೆಸ್ಬೋದಿತ್ತು" ಎಂದಳು ಅರ್ಚನಾ, ತನಗೆ ತಾನೇ ಹೇಳಿಕೊಂಡಂತೆ. "ತೆಗೆಸಿದ್ರೆ ಲೀಲಾನ ಮೇಲ್‌ಗೆ ಸುದ್ದಿ ಹೋಗಿ ಆಕೆಗೆ ಗೊತ್ತಾಗ್ತಿತ್ತು."

ಆಡಿದ ಮಾತು ಏನೆಂದು ಆಮೇಲೆ ಅವಳಿಗೆ ಹೊಳೆಯಿತು. ಕುರ್ಚಿಯ ಬೆನ್ನು ಹಿಡಿದು ನಿಂತಳು.

"ನೀನಾ?" ಶಿವಲೀಲಾ ಮೇಜಿನ ಹತ್ತಿರ ಬಂದಳು. ಇನ್ನೊಮ್ಮೆ ಕೇಳಿದಳು. "ನೀನಾ ಮಾಡಿದ್ದು ಅರ್ಚನಾ?"

"ಲೀಲಾ, ಕೇಳಿಲ್ಲಿ..."

"ಸ್ಟೇಷನ್ನಿನ ಹೊರಗ ನನ್ನ ಕೈ ಹಿಡ್ಕೊಂಡು ಕುಂತಿದ್ದಿ. ಆತನಾ ತಿದ್ದ್ಯಾನ, ನೀನು ಧೈರ್ಯವಾಗಿ ಹೇಳು ಅಂತ ನೀನಾ ಅಂದಿ. ನಾನು ಹೇಳಿದೆ. ಕುರಿ ಕಳಕೊಂಡು ಕುಂತೋನ್ನ ಕಳ್ಳ ಅಂದೆ. ಆತನ ಮರಿ ಇವತ್ತು ನನ್ನ ಸೀರಿ ಚೀಪಿದ್ವು, ಗೊತ್ತಾ?"

"ನಂದು ತಪ್ಪಿಲ್ಲ ಅನ್ನಲ್ಲ. ಆದ್ರೆ..."

"ಯಾಕ? ಸೈಟಿನ ಮ್ಯಾಲ ನಿನ್ನ ಹೆಸರು ಇಲ್ಲ ಅಂತನಾ? ಎಲ್ಲಾ ಪಿಡಿಎಫ್ ಮ್ಯಾಲ ನಮ್ಮಪ್ಪನ ಫೋಟೋ ಹಾಕಿದೆ, ನಿನ್ನ ಹೆಸರು ಎಲ್ಲೂ ಹಾಕಲಿಲ್ಲ ಅಂತನಾ?"

ಅರ್ಚನಾಳ ಮುಖಕ್ಕೆ ರಕ್ತ ಏರಿತು. ಇಲ್ಲಿಯವರೆಗೆ ಹೆದರಿದ್ದವಳು ಈಗ ನೊಂದಳು.

"ಹೆಸರಿಗೆ ಕುರಿ ಕೊಲ್ಲೋಳು ಅಂತ ತಿಳ್ಕಂಡ್ಯಾ ನನ್ನ? ಇಷ್ಟು ವರ್ಷ ಜೊತಿಗಿದ್ದು ಇಷ್ಟೇನಾ ನಾನು ನಿನಗೆ?"

"ಮತ್ತ ಯಾಕ ಮಾಡಿದಿ? ಹೇಳು."

"ಹೇಳಂಗಿಲ್ಲ. ಮಾತು ಕೊಟ್ಟೀನಿ."

"ಯಾರಿಗೆ?"

ಅರ್ಚನಾ ತಲೆ ತಗ್ಗಿಸಿದಳು. ರುದ್ರಮ್ಮ ಚಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿ ಅವಳ ಕೈಗೆ ಕೊಟ್ಟಳು.

"ಕುಡಿ. ಕುಡಿದು ವಿಚಾರ ಮಾಡು. ಆ ಫೈಲು ಇನ್ನೂ ಮಂದಿ ಫೋನಿನಾಗ ಐತಿ. ನಾಳೆ ಇನ್ನೊಂದು ಹಿಂಡು ಹೋದ್ರ, ಕೊಟ್ಟ ಮಾತು ಆ ಕುರಿ ಬದುಕಿಸ್ತತೇನು?"

ಅರ್ಚನಾ ನೀರು ಕುಡಿಯಲಿಲ್ಲ. ಲೋಟ ಕೆಳಗಿಟ್ಟು ಫೋನು ತೆಗೆದಳು. ವಾಟ್ಸಾಪಿನಲ್ಲಿ ಬಹಳ ಮೇಲಕ್ಕೆ ಹೋಗಿ, ಒಂದು ಧ್ವನಿ ಸಂದೇಶದ ಮೇಲೆ ಬೆರಳಿಟ್ಟು ನಿಂತಳು.

"ಕೇಳಬ್ಯಾಡ ಲೀಲಾ. ಅಕ್ಕಾರು ಒಬ್ರೇ ಕೇಳಲಿ."

"ಹಚ್ಚು."

ಮೊದಲು ಕುರಿ ಅರಚಿದ ಸದ್ದು. ಯಾರೋ ಕೆಮ್ಮಿದರು. ಆಮೇಲೆ ಆ ದನಿ ಬಂತು. ನಿಧಾನವಾದ, ಪ್ರತಿ ಮಾತಿಗೂ ನಡುವೆ ಉಸಿರು ಬಿಡುವ ದನಿ.

'ಅರ್ಚನಾ, ನಾನವ್ವ, ಪಾಲಾಕ್ಷಪ್ಪ. ಆ ಉಣ್ಣಿ ಔಷಧಿದು ಐತಲ್ಲ. ಕೊಡ ಅಂತ ಐತಿ, ಅದನ್ನ ತಗದು ತಂಬಿಗಿ ಅಂತ ಮಾಡವ್ವ. ಕೊಡಕ್ಕ ಹಾಕಿದ್ರ ಉಣ್ಣಿ ಸಾಯವಲ್ಲವು, ನಾನು ಕಣ್ಣಾರೆ ನೋಡೀನಿ. ಮಂದಿ ಎಲ್ಲಾ ಇಳಿಸಿಕೊಳ್ಳೋ ಫೈಲಿನಾಗ ಮಾಡು. ಲೀಲಾಗ ಹೇಳಬ್ಯಾಡ.'

ತಂಬಿಗಿ ಎಂದು ಅವನು ಹೇಳಿದ್ದನ್ನು ಅರ್ಚನಾಳ ಬೆರಳು ತನ್ನ ಮನೆಯ ಮಾತಿನಲ್ಲಿ ಚಂಬು ಎಂದು ಬರೆದಿತ್ತು.

ಶಿವಲೀಲಾ ಗೋಡೆಗೆ ಒರಗಿದಳು. ಹಾಗೇ ಜಾರಿ ನೆಲದ ಮೇಲೆ ಕೂತಳು.

"ಕಾಕಾರ ಮಾತು ಅಂತ ಮಾಡಿದೆ ಲೀಲಾ. ಸೈಟಿನಾಗೆ ಇರೋದೆಲ್ಲ ಅವ್ರದೇ. ಅವ್ರು ತಿದ್ದು ಅಂದ್ರೆ ನಾನ್ಯಾರು ಬ್ಯಾಡ ಅನ್ನಾಕೆ? ಪುಟ ಮುಟ್ಟಿದ್ರೆ ನಿನಗೆ ತಿಳೀತೈತೆ ಅಂತ ಪಿಡಿಎಫ್ ಅಷ್ಟೇ ಬದಲಿ ಮಾಡಿದೆ." ಅರ್ಚನಾ ಅಳುತ್ತಿದ್ದಳು. "ಕುರಿ ಸತ್ವು ಅಂದ ತಕ್ಷಣ ಫೋನ್ ಮಾಡಿದೆ ಕಾಕಾರಿಗೆ. ಮೊದ್ಲಿನಂಗೆ ಮಾಡಿಬಿಡವ್ವ, ಬಾಯಿ ಬಿಡಬ್ಯಾಡ ಅಂದ್ರು. ಆಮೇಲೆ ಹೆಂಗೆ ಹೇಳ್ಲಿ? ಹೇಳಿದ್ರೆ ಅವ್ರೇ ಜೈಲಿಗೆ ಹೋಗೋರು."

ಶಿವಲೀಲಾ ಅವಳ ಮಾತು ಕೇಳುತ್ತಿದ್ದಳೋ ಇಲ್ಲವೋ.

"ನಮ್ಮ ಹಟ್ಟಿಗೆ ಈಗ ಯಾರೂ ಬರವಲ್ಲರು" ಎಂದಳು. "ದಿನಾ ಹೋಗಿ ಅಪ್ಪನ ಮುಂದ ಕುಂತು ಅತ್ತೀನಿ. ಯಾರು ಮಾಡಿದ್ರಪಾ, ನಿನ್ನ ಹೆಸರು ಯಾರು ಕೆಡಿಸಿದ್ರಪಾ ಅಂತ. ನನ್ನ ತಲಿ ಮ್ಯಾಲ ಕೈಯಾಡಿಸ್ತಿದ್ದ. ಅಳಬ್ಯಾಡವ್ವ ಅಂತಿದ್ದ. ಒಂದು ಮಾತು ಹೇಳಲಿಲ್ಲ ಆತ. ಒಂದು ಮಾತು."

ಅರ್ಚನಾ ಅವಳ ಹೆಗಲು ಮುಟ್ಟಲು ಬಂದಳು. ಶಿವಲೀಲಾ 'ಬ್ಯಾಡ' ಎಂದು ಕೈ ಎತ್ತಿದಳು. ಕಣ್ಣು ಒರೆಸಿಕೊಂಡು, ಅಪ್ಪನಿಗೆ ಫೋನು ಮಾಡಿದಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಹೇಳವ್ವ" ಎಂದ ಪಾಲಾಕ್ಷಪ್ಪ.

"ಅಪ್ಪಾ, ನಾನು ಅರ್ಚನಾನ ಮನ್ಯಾಗ ಅದೀನಿ."

ಅವಳು ಅರ್ಚನಾಳ ಫೋನಿನ ಕಡೆ ನೋಡಿದಳು.

"ಕೇಳಿದೆ ನಿನ್ನ ಮಾತು. ತಂಬಿಗಿ ಅಂತ ಮಾಡು ಅಂದಿದ್ದು. ಲೀಲಾಗ ಹೇಳಬ್ಯಾಡ ಅಂದಿದ್ದು."

"ಖರೆ ಐತವ್ವ." ಸುಳ್ಳು ಹುಡುಕುವ ಪ್ರಯತ್ನವನ್ನೂ ಅವನು ಮಾಡಲಿಲ್ಲ. "ನಾನಾ ಹೇಳಿದ್ದು. ಮೈಲಾರೇಶನ ಪಾಪ ನಂದಾ."

"ಯಾಕಪಾ? ಬಾಟ್ಲಿ ಮ್ಯಾಲ ಕೊಡ ಅಂತ ಐತಿ. ಇಷ್ಟು ವರ್ಷ ನೀನಾ ಕೊಡಕ್ಕ ಹಾಕಿ ಕಲಸಿದಿ."

"ಕಲಸಿದೆ. ಹೋದ ಸುಗ್ಗಿಗೆ ನಮ್ಮ ಕುರಿಗೆ ಹಾಕಿದೆ, ಉಣ್ಣಿ ಒಂದೂ ಉದುರಲಿಲ್ಲ. ಇನ್ನೊಮ್ಮಿ ಹಾಕಿದೆ, ಉದುರಲಿಲ್ಲ. ನೀರು ಕಮ್ಮಿ ಮಾಡಿಕೋತ ಬಂದೆ. ತಂಬಿಗಿಗೆ ಬಂದಾಗ ಉದುರಿದ್ವು. ನಮ್ಮ ಸುತ್ತಿನ ಮಂದೀದೂ ಹಂಗಾ ಆಗಿತ್ತು, ಅಜ್ಜಾ ನಿನ್ನ ಮದ್ದು ಕೆಲಸ ಮಾಡವಲ್ದು ಅಂತ ಬಂದು ಕೇಳೋರು. ಅದಕ್ಕ ತಿದ್ದಿಸಿದೆ. ಔಷಧಿ ನೀರಾಗಿತ್ತವ್ವ."

ರುದ್ರಮ್ಮ ಬಗ್ಗಿ ಫೋನಿನ ಹತ್ತಿರ ಬಂದಳು. "ನಾನ್ರಿ, ರುದ್ರಮ್ಮ. ಔಷಧಿ ನೀರಾಗಿತ್ತು ಅಂದ್ರ, ಅದರಾಗ ಯಾರೋ ನೀರು ಬೆರೆಸಿದ್ರು ಅಂತನಾ?"

"ಹೌದ್ರಿ. ಸೀಲು ಹೊಸದಿರ್ತಿತ್ತು. ಒಳಗ ಬಣ್ಣ ತೆಳ್ಳಗ, ವಾಸನಿ ಇಲ್ಲ. ಮೈಲಾರೇಶ ಹರಪನಹಳ್ಳ್ಯಾಗ ತಂದ. ಅದು ಚೊಕ್ಕ ಔಷಧಿ. ಚೊಕ್ಕ ಔಷಧೀನ ತಂಬಿಗಿಗೆ ಹಾಕಿದ್ರ ಯಾವ ಕುರಿ ಉಳೀತಾವ್ರಿ? ನನ್ನ ತಲಿಗೆ ಅದು ಹೊಳೀಲಿಲ್ಲ. ಈ ಫೈಲು ಊರು ದಾಟಿ ಅಷ್ಟು ದೂರ ಹೋಗ್ತತಿ ಅಂತ ಈ ಮುದುಕಗ ತಿಳೀಲಿಲ್ಲ."

"ಇದನ್ನ ನನಗ ಹೇಳಬಾರದಿತ್ತಾ ಅಪ್ಪಾ?" ಶಿವಲೀಲಾ ಎದ್ದು ನಿಂತಿದ್ದಳು. "ನಾನು ಕಂಪ್ಲೇಂಟ್ ಕೊಡ್ತಿದ್ದೆ. ಸೈಟಿನಾಗ ಹಾಕ್ತಿದ್ದೆ, ಆ ಅಂಗಡ್ಯಾಗ ಔಷಧಿ ತಗೋಬ್ಯಾಡ್ರಿ ಅಂತ."

"ಅದಕ್ಕಾ ಹೇಳಲಿಲ್ಲವ್ವ."

ರುದ್ರಮ್ಮನಿಗೆ ಆಗಲೇ ಗೊತ್ತಾಗಿತ್ತು. ಕೂಡ್ಲಿಗಿಯ ಅಂಗಡಿಯ ಬಗ್ಗೆ ಮೈಲಾರೇಶ ಹೊಳೆದಂಡೆಯಲ್ಲಿ ಆಡಿದ ಮಾತು, ದಾರಿಯಲ್ಲಿ ಬಂದ ಓಬಳೇಶನ ಫೋನು, ಮೈಲಾರೇಶ ಒಬ್ಬ ಒಪ್ಪಿದರೆ ಎಲ್ಲಾ ಮುಗಿಯುತ್ತದೆ ಎಂದಿದ್ದು. ತನ್ನನ್ನು ಗೊತ್ತುಮಾಡಿದ್ದು ಸತ್ಯ ಹುಡುಕುವುದಕ್ಕಲ್ಲ, ಒಬ್ಬ ಕುರಿಗಾರನ ಬಾಯಿ ಮುಚ್ಚಿಸುವುದಕ್ಕೆ. ಆದರೂ ಕೇಳುವುದನ್ನು ಶಿವಲೀಲಾಳಿಗೆ ಬಿಟ್ಟಳು. ಇದು ಮಗಳು ಕೇಳಬೇಕಾದ ಪ್ರಶ್ನೆ.

"ಯಾರ ಅಂಗಡಿದಪಾ ಆ ಬಾಟ್ಲಿ?"

ಶಿವಲೀಲಾ ಫೋನನ್ನು ಇನ್ನೂ ಹತ್ತಿರ ಹಿಡಿದಳು.

"ಅಪ್ಪಾ."

"ನಿನ್ನ ಗಂಡನ ಅಂಗಡಿದವ್ವ" ಎಂದ ಅವನು. "ಹೋಗಿ ಕೇಳಿದೆ ಆತನ್ನ. ಕಾಲು ಹಿಡಕೊಂಡ. ಇನ್ನೊಮ್ಮಿ ಮಾಡಾಂಗಿಲ್ಲ ಮಾವಾ, ಲೀಲಾಗ ತಿಳಿದ್ರ ನನ್ನ ಬಿಟ್ಟು ಹೋಗ್ತಾಳ ಅಂದ. ಇರೋ ಬಾಟ್ಲಿ ಖರ್ಚಾಗೋತನ ತಂಬಿಗಿ ಅಂತ ಬರಸ್ರಿ, ಕುರೀನೂ ಉಳೀತಾವ, ನಿಮ್ಮ ಹೆಸರೂ ಉಳೀತತಿ ಅಂದ. ನಿನ್ನ ಸಂಸಾರ ಉಳೀಲಿ ಅಂತ..."

ಶಿವಲೀಲಾ ಅಳಲಿಲ್ಲ. ಅವಳ ಮುಖದಲ್ಲಿ ಈಗ ಏನೂ ಇರಲಿಲ್ಲ. ಅರ್ಚನಾ ಬಂದು ಅವಳ ಪಕ್ಕದಲ್ಲಿ ನಿಂತಳು. ಈ ಸಲ ಶಿವಲೀಲಾ ಕೈ ಎತ್ತಲಿಲ್ಲ.

"ಆ ನೀರು ಬೆರೆಸಿದ ಬಾಟ್ಲಿ ಒಂದಾದ್ರೂ ಉಳದೈತೇನ್ರಿ?" ರುದ್ರಮ್ಮ ಕೇಳಿದಳು.

"ಐತ್ರಿ. ಸೀಲು ಒಡದಿಲ್ಲ. ನನ್ನ ಹತ್ರಾನ..."

ಅವನ ಮಾತು ಅರ್ಧಕ್ಕೆ ನಿಂತಿತು. ಆ ಕಡೆ ಬೈಕೊಂದು ಬಂದು ನಿಂತ ಸದ್ದು. ಬಾಗಿಲು ನೂಕಿದ ಸದ್ದು. ದೂರದಿಂದ ಒಂದು ಪರಿಚಿತ ದನಿ ಕೂಗಿತು.

"ಮಾವಾ, ಯಾರ ಜೊತಿ ಮಾತಾಡಾಕತ್ತೀರಿ?"

ಫೋನು ಕಟ್ಟಾಯಿತು.

ಶಿವಲೀಲಾ ಮತ್ತೆ ಒತ್ತಿದಳು. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ. ಎತ್ತಲಿಲ್ಲ. ರುದ್ರಮ್ಮ ಆಗಲೇ ಕಾರಿನ ಕೀ ಕೈಗೆ ತೆಗೆದುಕೊಂಡು ಹೊಸ್ತಿಲು ದಾಟಿದ್ದಳು. ಇನ್ನೊಂದು ಕೈಯಲ್ಲಿ ಕೂಡ್ಲಿಗಿಯ ತನ್ನ ಹಳೆಯ ಪೊಲೀಸ್ ಗೆಳೆಯರಿಗೆ ಫೋನು ಹಚ್ಚುತ್ತಿದ್ದಳು.

ಮೂರನೆಯ ಸಲಕ್ಕೆ ಯಾರೋ ಎತ್ತಿದರು.

"ಹೇಳು ಲೀಲಾ." ಓಬಳೇಶನ ದನಿ. ಮೆಟ್ಟಿಲು ಹತ್ತಿ ಬಂದವನಂತೆ ಏದುಸಿರು ಇತ್ತು. ಮಾತು ಮಾತ್ರ ಎಂದಿನಂತೆ ಮೆತ್ತಗಿತ್ತು.

"ಅಪ್ಪಗ ಫೋನ್ ಕೊಡ್ರಿ."

"ಮಾವ ಇಲ್ಲಲ್ಲ. ಫೋನ್ ಮನ್ಯಾಗ ಬಿಟ್ಟು ಎತ್ತಾಗೋ ಹೋಗ್ಯಾರ" ಎಂದ ಅವನು. "ಮುಂಜಾನಿಂದಾನ ಇಲ್ಲ."